ಬಂಡೆಯ ಮೇಲಿನವನ ಪಾಲು

ಆರ್ಟೆಮಿಸ್ ತಿಂಗಳು. ಹುಣ್ಣಿಮೆ ಕಳೆದು ಮೂರನೆಯ ದಿನ, ಮಧ್ಯಾಹ್ನ

ಜವೆಗೋಧಿ ಅರ್ಧ ಬೀಸಿದ್ದೆ, ಅಷ್ಟರಲ್ಲಿ ಕರೆ ಬಂತು. ಹಗ್ನೋನನ ಹೆಂಡತಿ ಸಿಮೆಗೆ ನೋವು ಶುರುವಾಗಿದೆ. ಹಿಟ್ಟಿನ ಕೈಯಲ್ಲೇ ಓಡಿದೆ. ಸೂಲಗಿತ್ತಿ ಆಗಲೇ ಬಂದು ಕೂತಿದ್ದಳು. ನನ್ನನ್ನು ಕಂಡದ್ದೇ ತಡ — "ನಿನ್ನ ಗಂಡನ್ನ ಕರಿ. ಕೋಟೆ ಬಾಗ್ಲು ಒಡಿಯೋ ಭಾಗ ಹಾಡ್ಲಿ."

ನಮ್ಮೂರು ಅಕ್ತೆಯಲ್ಲಿ ಹೆರಿಗೆಗೆ ಅದೇ ಮದ್ದು. ಒಂಬತ್ತು ಹಡಗುಗಳ ಯುದ್ಧದ ಹಾಡಿನಲ್ಲಿ ದಿಮ್ಮಿ ಹೊತ್ತು ಕೆರಾನೆ ಕೋಟೆಯ ಬಾಗಿಲಿಗೆ ಗುದ್ದುತ್ತಾರಲ್ಲ, ಆ ಲಯಕ್ಕೆ ಉಸಿರು ಹಿಡಿಯಬೇಕು, ಬಿಡಬೇಕು. ತೆಲ್ಲಿಸ್ ಬಾಗಿಲ ಹೊರಗೆ ನಿಂತು ಕೋಲು ಕುಟ್ಟಿ ಹಾಡಿದ. ನನ್ನ ಗಂಡನ ಗಂಟಲು ದೊಡ್ಡದು, ನೆನಪು ಅಷ್ಟು ದೊಡ್ಡದಲ್ಲ. ಗುದ್ದುವ ಸಾಲು ಬಿಟ್ಟು ದಿಮ್ಮಿ ಹೊತ್ತವರ ಅಪ್ಪಂದಿರ ಹೆಸರಿಗೆ ಹೊರಟುಹೋದ. ಒಳಗಿಂದ ಸಿಮೆ ಕಿರುಚಿದಳು — "ಅವ್ರಪ್ಪ ಯಾರಾದ್ರೆ ನಂಗೇನು! ಬಾಗ್ಲು ಒಡಿ, ಮಾರಾಯ!"

ಒಡೆಯಿತು. ಗಂಡು ಮಗು. ಏನು ಗಂಟಲು ಅದರದ್ದು! ತೆಲ್ಲಿಸ್ ಬೆಪ್ಪಾಗಿ ಹಾಡು ನಿಲ್ಲಿಸಿದ.

ಹಗ್ನೋನ್ ಕುಣಿದಾಡಿದ. ನಮ್ಮ ಬಲೆಯ ಯಜಮಾನ ಅವನು. ಸೊಂಟದಷ್ಟು ನೀರಲ್ಲಿ ನಿಂತು ನಾಲ್ಕಾಳಿನ ಬಲೆಯನ್ನು ಒಬ್ಬನೇ ಎಳೆಯುತ್ತಾನೆ, ಮಗುವನ್ನು ಮಾತ್ರ ಹಕ್ಕಿಯ ಮೊಟ್ಟೆಯ ಹಾಗೆ ಹಿಡಿದ. ನಗುನಗುತ್ತಲೇ ಬಾಗಿಲ ಕಡೆ ನೋಡಿದ. ಮತ್ತೆ ನೋಡಿದ.

ಡೊರ್ಕೋನ್ ಬರಲಿಲ್ಲ. ನನ್ನ ತಮ್ಮ. ಒಂದೇ ದೋಣಿಯಲ್ಲಿ ಆಡಿ ಬೆಳೆದ ಗೆಳೆಯನ ಚೊಚ್ಚಲು ಮಗನನ್ನು ನೋಡಲು ಅವನು ಬರಲಿಲ್ಲ.

ಎಲ್ಲ ಒಂದು ತುಂಡು ಮೀನಿಗಾಗಿ.

ಮರುದಿನ. ದೀಪ ಹಚ್ಚುವ ಹೊತ್ತು

ಸಿಟ್ಟು ಇಳಿಯಲಿಲ್ಲ. ಬರೆದುಬಿಡುತ್ತೇನೆ, ಇಲ್ಲವಾದರೆ ಬಾವಿಕಟ್ಟೆಯಲ್ಲಿ ಬಾಯಿಬಿಟ್ಟೇನು. ಅಪ್ಪ ಫಿನೀಷಿಯದ ಹಡಗಿನವನಿಂದ ಅಕ್ಷರ ಕಲಿತು ನನಗೂ ಕಲಿಸಿದ. ಊರಿನವರಿಗೆ ಅಕ್ಷರ ಬೇಕಾದದ್ದು ಎಣ್ಣೆ ಮಡಕೆಯ ಮೇಲೆ ಹೆಸರು ಗೀಚಲು. ನಾನು ಮೇಕೆ ಚರ್ಮದ ಮೇಲೆ ಗೊಣಗುತ್ತೇನೆ.

ಡೊರ್ಕೋನ್ ಮೀನು ಕಾಯುವವನು. ಬಂದರಿನ ಮೇಲಿನ ಬಂಡೆಯಲ್ಲಿ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತು — ಇನ್ನೊಂದು ಪಾದ ಮೊಣಕಾಲಿಗೆ ಒರಗಿಸಿ — ಬೇಸಿಗೆಯಿಡೀ ನೀರು ನೋಡುತ್ತಾನೆ. ಕರುವಿನಷ್ಟು ದಪ್ಪದ ಮೀನುಗಳು ಹಿಂಡಾಗಿ ಬರುವಾಗ ನೀರಿನ ಬಣ್ಣ ಬೇರೆಯಾಗುತ್ತದಂತೆ. ಅದು ಅವನೊಬ್ಬನಿಗೇ ಕಾಣುತ್ತದೆ. ಅವನು ಕೂಗಿದರೆ ದೋಣಿ ಹೊರಡುತ್ತವೆ, ಕೈ ಬೀಸಿದ ಕಡೆಗೆ ಬಲೆ ಸುತ್ತುತ್ತದೆ. ಊರಿನ ಚಳಿಗಾಲದ ಉಪ್ಪುಮೀನೆಲ್ಲ ಆ ಒಂದು ಜೊತೆ ಕಣ್ಣಿನಿಂದ.

ಹೋದ ವರ್ಷ ಪಾಲು ಕೊಯ್ಯುತ್ತಿದ್ದ ಮುದುಕ ತೀರಿಕೊಂಡ. ಕಣ್ಣಳತೆಯಲ್ಲೇ ಕೊಡುತ್ತಿದ್ದ ಪುಣ್ಯಾತ್ಮ. ಅವನ ಚಾಕು ಲಿಸಿಸಜ್ಜನ ಕೈಗೆ ಬಂತು. ಅಜ್ಜ ಒಳ್ಳೆಯವನೇ, ಆದರೆ ಕೈ ತೊಳೆಯುವುದಕ್ಕೂ ಹಾಡು ಕೇಳುವವನು. ಹಾಡಿನಲ್ಲಿ ಗೂಳಿ ಕೊಯ್ದು ಹಂಚುವ ಭಾಗವಿದೆ: ಈಟಿಯವನಿಗೆ ಬೆನ್ನು, ಬಿಲ್ಲಿನವನಿಗೆ ತೊಡೆ, ಚುಕ್ಕಾಣಿಯವನಿಗೆ ಪಕ್ಕೆ, ಕತ್ತೆ ಕಾಯುವವನಿಗೂ ಕರುಳು. ಅದರ ಪ್ರಕಾರವೇ ಈ ವರ್ಷದ ಮೊದಲ ಮೀನನ್ನು ಸೀಳಿದ. ಬಲೆಯ ಯಜಮಾನನಿಗೆ ಬೆನ್ನು, ಹುಟ್ಟು ಹಾಕುವವರಿಗೆ ಪಕ್ಕೆ... ಎಲ್ಲ ಮುಗಿದು ಕೊನೆಗೆ ಉಳಿದದ್ದು ಬಾಲ.

"ಕಾಯೋನ್ಗೆ ಹಾಡಲ್ಲಿ ಪಾಲೇ ಇಲ್ಲಪ್ಪ. ಇದ್ದಿದ್ರೆ ಕೊಡಲ್ವಾ ನಾನು?" ಅಂದ.

ಇಡೀ ಊರಿನ ಮುಂದೆ. ಡೊರ್ಕೋನ್ ಬಾಲವನ್ನು ಮರಳಿನ ಮೇಲೆ ಇಟ್ಟು ಎದ್ದು ಹೋದ. ಹಗ್ನೋನ್ ಸುಮ್ಮನಿದ್ದ. ಆಮೇಲೆ ನನ್ನ ಹತ್ತಿರ ಬಂದು ಗೋಳಾಡಿದ — "ಬಾಯ್ತುಂಬ ಮೀನಿತ್ತು ಅಕ್ಕ. ಏನಂತ ಹೇಳ್ಲಿ?"

ಈಗ ಉತ್ತರದ ಹೊಸ ಊರಿಗೆ ಜನ ಒಯ್ಯುವ ಹಡಗು ಬಂದರಿನಲ್ಲಿ ನಿಂತಿದೆ. ಅಮಾವಾಸ್ಯೆ ದಿನ ಹೊರಡುತ್ತದೆ. ಹೋದವರು ತಿರುಗಿ ಬಂದ ಉದಾಹರಣೆ ಇಲ್ಲ. ಆ ಹಡಗಿನ ಹಾಯಿ ಹೊಲಿಯುತ್ತ ಕೂತಿದ್ದಾನೆ ನನ್ನ ತಮ್ಮ.

ಹುಣ್ಣಿಮೆ ಕಳೆದು ಆರು. ಸಂಜೆ

ದಡದಲ್ಲಿ ಊರ ಕೂಟ. ಮಾತಾಡುವವರು ಹಿಡಿಯುವ ದಂಡ ಕೈಗೆ ಬಂದವನು ಮೊದಲು ಹಾಡಿನ ಒಂದು ಸಾಲು ಹೇಳಬೇಕು, ಆಮೇಲೆ ತನ್ನ ಮಾತು. ಇದರಿಂದ ಒಂದು ಅನುಕೂಲ — ಸಾಲು ಗೊತ್ತಿಲ್ಲದವರು ತೆಪ್ಪಗಿರುತ್ತಾರೆ. ಒಂದು ಅನನುಕೂಲ — ಗೊತ್ತಿರುವವರು ನಿಲ್ಲಿಸುವುದಿಲ್ಲ.

ಲಿಸಿಸಜ್ಜನಿಗೆ ಸಾಲು ಸಿಕ್ಕಿತು. ಒಂಟಿಗಣ್ಣಿನ ಬಿಲ್ಲುಗಾರ ಮುನಿದು ಡೇರೆ ಸೇರಿದಾಗ ದಳಪತಿಗಳು ಉಡುಗೊರೆ ಹೊತ್ತು ಹೋಗುತ್ತಾರಲ್ಲ, ಆ ಭಾಗ. ಮೊದಲ ಸಲ ಬಿಲ್ಲುಗಾರ ಒಲ್ಲೆ ಅನ್ನುತ್ತಾನೆ. ಎರಡನೆಯ ಸಲ ಒಪ್ಪುತ್ತಾನೆ. ಎಲ್ಲರ ಮುಖ ಅರಳಿತು. ದಾರಿ ಸಿಕ್ಕಿತಲ್ಲ! ಅಜ್ಜ, ಹಗ್ನೋನ್, ತೆಲ್ಲಿಸ್ ಮೂವರೂ ಹೊರಟರು.

ಉಡುಗೊರೆ ನೋಡಿ ತಲೆ ಚಚ್ಚಿಕೊಂಡೆ. ಮೂರುಕಾಲಿನ ಕಂಚಿನ ಕೊಪ್ಪರಿಗೆ, ಒಂದು ಕಾಲು ಅರ್ಧ ಮುರಿದದ್ದು. ಒಂದು ಕುಂಟು ಮೇಕೆ. ಹುಳ ತಿಂದ ಕಂಬಳಿ.

"ಇದೇನು ಇದು?" ಅಂದೆ.

"ಹೆಂಗೂ ಮೊದಲ್ನೇ ಸಲ ಒಲ್ಲೆ ಅಂತಾನಲ್ಲ," ಅಂದ ಗಂಡ. "ಒಳ್ಳೇದನ್ನ ಎರಡನೇ ಸಲಕ್ಕೆ ಇಟ್ಕೊಂಡಿದೀವಿ. ಹಗ್ನೋನ್ ಬೆಳ್ಳಿ ಹಿಡಿ ಇರೋ ಚಾಕು ಕೊಡ್ತಾನಂತೆ. ಗುಟ್ಟು, ಹೇಳ್ಬೇಡ."

ಡೊರ್ಕೋನನೂ ಅದೇ ಹಾಡು ಕೇಳಿ ಬೆಳೆದವನು. ತೆಲ್ಲಿಸ್‌ಗಿಂತ ಮುಂಚೆ ನಮ್ಮಪ್ಪನೇ ಊರಿನ ಹಾಡುಗಾರನಲ್ಲವೇ. ಮೊದಲ ಸಲ ಒಲ್ಲೆ ಅನ್ನಬೇಕೆಂದು ಬೆಳಗಿನಿಂದಲೇ ತಲೆ ಬಾಚಿ, ಒಳ್ಳೆಯ ಅಂಗಿ ತೊಟ್ಟು, ಬಾಗಿಲಲ್ಲಿ ಕೂತಿದ್ದನಂತೆ. ಗಂಭೀರವಾಗಿ ಎದ್ದು ನಿಂತು "ಒಲ್ಲೆ" ಅಂದ. ಇವರೂ ಗಂಭೀರವಾಗಿ ತಲೆ ತಗ್ಗಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಕೊಪ್ಪರಿಗೆ ವಾಲಿ ಉರುಳಿತು. ಮೇಕೆ ಹೆದರಿ ಕುಂಟುತ್ತ ಓಡಿತು.

"ಮೂರುಕಾಲಿನ ಪಾತ್ರೆಗೆ ಎರಡೂವರೆ ಕಾಲು! ಮೇಕೆಗೆ ಮೂರು! ನನ್ನ ಬೆಲೆ ಇಷ್ಟೇನಾ?"

ಆಮೇಲಿನದು ಹಾಡಿನಲ್ಲಿ ಇಲ್ಲದ ಸಿಟ್ಟು. ಸಂಜೆಯೊಳಗೆ ಉತ್ತರದ ಹಡಗಿಗೆ ಹೋಗಿ ಹುಟ್ಟು ಹಾಕುವ ಮಣೆಯ ಮೇಲೆ ತನ್ನ ಮೇಲುಹೊದಿಕೆ ಇಟ್ಟು ಜಾಗ ಹಿಡಿದು ಬಂದ.

ಹುಣ್ಣಿಮೆ ಕಳೆದು ಒಂಬತ್ತು

ಬರೆಯಲು ಮನಸ್ಸಿರಲಿಲ್ಲ.

ಎರಡನೆಯ ಸಲ ಹೋದರು. ಬೆಳ್ಳಿ ಹಿಡಿಯ ಚಾಕು, ಎರಡು ಕೊಬ್ಬಿದ ಮೇಕೆ, ಹೊಸ ಕಂಚಿನ ಕೊಪ್ಪರಿಗೆ. ಬಾಗಿಲು ತೆರೆಯಲೇ ಇಲ್ಲ. ಹಾಡಿನ ಲೆಕ್ಕದಲ್ಲಿ ಈಗ ಒಪ್ಪಬೇಕಿತ್ತು. ಮೂರನೆಯ ಸಲ ಎಂಬುದು ಹಾಡಿನಲ್ಲಿ ಇಲ್ಲ. ಕೂಟ ಸೇರಿತು, ದಂಡ ಕೈಯಿಂದ ಕೈಗೆ ಹೋಯಿತು, ಯಾರಿಗೂ ಸಾಲು ಹೊಳೆಯಲಿಲ್ಲ. ಎಲ್ಲರೂ ಸಮುದ್ರ ನೋಡಿ ಎದ್ದು ಹೋದರು.

ಬಂಡೆಗೆ ಹಗ್ನೋನನ ಮಾವನನ್ನು ಹತ್ತಿಸಿದ್ದಾರೆ. ಮೊನ್ನೆ ಕೂಗಿದ. ದೋಣಿಗಳೆಲ್ಲ ಹೋಗಿ ಬಲೆ ಸುತ್ತಿ ಬೆವರಿಳಿಸಿ ಎಳೆದರೆ — ಮೋಡದ ನೆರಳು. ನಿನ್ನೆ ಮತ್ತೆ ಕೂಗಿದ. ಡಾಲ್ಫಿನ್‌ಗಳು. ಬಲೆ ಹರಿದು, ನಮ್ಮನ್ನು ನೋಡಿ ನಕ್ಕ ಹಾಗೆ ಮಾಡಿ ಹೋದವು. ಇಂದು ನಿಜವಾದ ಹಿಂಡು ಹಾದುಹೋಯಿತಂತೆ. ಮಾವ ನಿದ್ದೆಯಲ್ಲಿದ್ದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹುಣ್ಣಿಮೆ ಕಳೆದು ಹತ್ತು. ಬೆಳಿಗ್ಗೆ

ಅಂಜೂರ, ಗಿಣ್ಣು ಕಟ್ಟಿಕೊಂಡು ತಮ್ಮನ ಹತ್ತಿರ ಹೋದೆ. ಮಗುಚಿದ ದೋಣಿಯ ಮೇಲೆ ಕೂತು ಹಾಯಿ ಹೊಲಿಯುತ್ತಿದ್ದ. ಅಂಜೂರ ತಿಂದ. ಕಣ್ಣೆತ್ತಿ ನೋಡಲಿಲ್ಲ.

"ಮೀನಿನ ತುಂಡಿಗೆ ಊರು ಬಿಡ್ತಾರೇನೋ?"

"ತುಂಡಿಗಲ್ಲ ಅಕ್ಕ."

"ಮತ್ತೆ?"

ಸೂಜಿ ಚುಚ್ಚಿದ, ಎಳೆದ. "ಚಿಕ್ಕೋನಿದ್ದಾಗಿಂದ ಆ ಹಾಡು ಕೇಳಿದೀನಿ. ಎಲ್ರೂ ಇದಾರೆ ಅದ್ರಲ್ಲಿ. ಈಟಿಯೋನು ಇದಾನೆ, ರೊಟ್ಟಿ ಸುಡೋನು ಇದಾನೆ. ಕತ್ತೆ ಕಾಯೋನ್ಗೂ ಒಂದು ಸಾಲಿದೆ. ಕತ್ತೆಗೂ ಇದೆ! ನಂಗಿಲ್ಲ. ಲಿಸಿಸಜ್ಜ ಸುಳ್ಳು ಹೇಳ್ಲಿಲ್ಲ ಅಕ್ಕ. ಅದಕ್ಕೇ ಹೊಟ್ಟೆ ಉರಿದಿದ್ದು. ಇನ್ನು ಮೂವತ್ತು ವರ್ಷ ಒಂಟಿಕಾಲಲ್ಲಿ ನಿಂತು ಕಣ್ಣು ಕಳ್ಕೊಂಡ್ರೂ ನಾನೊಬ್ಬ ಇದ್ದೆ ಅಂತ ಯಾರಿಗ್ ಗೊತ್ತಾಗುತ್ತೆ?"

ಬುತ್ತಿ ಬಟ್ಟೆ ಮಡಚಿಕೊಂಡು ಬಂದೆ. ದಾರಿಯುದ್ದಕ್ಕೂ ಅತ್ತೆ. ಕೊಟ್ಟದ್ದನ್ನೆಲ್ಲ ತಿಂದು ಮುಗಿಸಿದ್ದ ಅನ್ನುವುದೊಂದೇ ಸಮಾಧಾನ.

ಹನ್ನೊಂದು. ಇಳಿಹೊತ್ತು

ನಿನ್ನೆಯಿಂದ ಅಪ್ಪನ ಹಾಡನ್ನೆಲ್ಲ ಮನಸ್ಸಿನಲ್ಲೇ ಹಾಡಿಕೊಂಡೆ. ಬಾವಿಯಲ್ಲಿ, ಒಲೆಯ ಮುಂದೆ, ಮಗ್ಗದಲ್ಲಿ. ಹಡಗು ಹೊರಟಲ್ಲಿಂದ ಕೋಟೆ ಸುಟ್ಟ ತನಕ. ಕಾಯುವವನು ಎಲ್ಲೂ ಇಲ್ಲ.

ಬೆಳಿಗ್ಗೆ ಹಿಟ್ಟು ನಾದುತ್ತಿದ್ದೆ. ನಾದುವ ಕೈಗೂ ಒಂದು ಲಯವಿರುತ್ತದಲ್ಲ. ಒತ್ತು, ಮಡಚು, ಒತ್ತು. ಬಾಯಿಗೆ ಏನೋ ಬಂತು. ನಿಲ್ಲಿಸಿದೆ. ಮತ್ತೆ ನಾದಿದೆ, ಇನ್ನೊಂದು ಸಾಲು ಬಂತು. ಹೆದರಿಕೆಯಾಯಿತು, ಖುಷಿಯೂ ಆಯಿತು. ಹಿಟ್ಟು ಕಲ್ಲಾಗುವ ತನಕ ನಾದಿದೆ.

ತೆಲ್ಲಿಸ್‌ನನ್ನು ಕೂರಿಸಿ ಹೇಳಿದೆ. ಸಾಲು ಸಾಲಾಗಿ.

ಅವನ ಮುಖ ಕೆಂಪಾಯಿತು. "ನಿಮ್ಮಪ್ಪ ಇದನ್ನ ಹಾಡಿದ್ನಾ?"

"ಇಲ್ಲ."

"ಹಾಡಿನ ದೇವಿಯರು ಕೊಡದೇ ಇರೋ ಸಾಲು ನಾನು ಹಾಡಲ್ಲ ಮೈರೋ. ನಾಲಿಗೆ ಬಿದ್ದೋಗುತ್ತೆ."

"ಕೊಡಲಿಲ್ಲ ಅಂತ ನಿಂಗ್ ಹೇಳಿದ್ಯಾರು? ಬೆಳಿಗ್ಗೆ ನಾದ್ತಾ ಇದ್ದಾಗ ಬಂದಿದ್ರು."

"ಅಡುಗೆಮನೆಗಾ?"

"ನೀನು ಇನ್ನೂ ಎದ್ದಿರಲಿಲ್ಲ. ಎಷ್ಟೊತ್ತು ಅಂತ ಕಾಯ್ತಾರೆ ಅವರಾದ್ರೂ?"

ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಎದ್ದು ಕೋಲು ತಂದ. ಕುಟ್ಟುತ್ತ ಮೆಲ್ಲಗೆ ಹಾಡಿ ನೋಡಿದ. ಒಂದು ಕಡೆಯೂ ಎಡವಲಿಲ್ಲ. ಕೊನೆಯ ಸಾಲಿಗೆ ಕೋಲು ನಿಂತಿತು. ಕಣ್ಣು ಒರೆಸಿಕೊಂಡ, ದಡ್ಡ. ನನ್ನ ಚಿನ್ನದಂಥ ದಡ್ಡ.

"ಬಂದಿದ್ರು," ಅಂದ. "ಖಂಡಿತ ಬಂದಿದ್ರು. ಏನಾದ್ರೂ ತಿನ್ನಕ್ಕೆ ಕೊಟ್ಯಾ?"

ಹನ್ನೆರಡು. ಕೂಟ ಮುಗಿದ ಮೇಲೆ

ಬಂದವಳೇ ಬರೆಯಲು ಕೂತೆ.

ತೆಲ್ಲಿಸ್ ದಂಡ ಹಿಡಿದು ನಿಂತ. ಹೆಂಗಸರು ನಾವು ಹಿಂದೆ, ಬಲೆ ಒಣಹಾಕುವ ಗಳುಗಳ ಹತ್ತಿರ. ಡೊರ್ಕೋನ್ ಅದೇ ಮಗುಚಿದ ದೋಣಿಯ ಮೇಲೆ, ಕೂಟಕ್ಕೆ ಬೆನ್ನು ಹಾಕಿ, ಹೊಲಿಯುತ್ತಿದ್ದ. ಕೇಳಿಸುವಷ್ಟೇ ದೂರ.

"ಪಾಲಿನ ಭಾಗ ಹಾಡ್ತೀನಿ," ಅಂದ ಗಂಡ. "ಪೂರ್ತಿ." ಪೂರ್ತಿ ಅನ್ನುವಾಗ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ.

ಈಟಿಯವನ ಬೆನ್ನು, ಬಿಲ್ಲಿನವನ ತೊಡೆ, ಕತ್ತೆಯವನ ಕರುಳು ಎಲ್ಲ ಆಯಿತು. ಅಲ್ಲಿಗೆ ಮುಗಿಯಿತೆಂದು ಜನ ಸೊಂಟ ಎತ್ತುವಾಗ ಅವನು ನಿಲ್ಲಿಸಲಿಲ್ಲ —

ಬಂಡೆಯ ಮೇಲೊಬ್ಬ ನಿಂತಿದ್ದ, ಕೊಕ್ಕರೆಯಂತೆ ಒಂಟಿಕಾಲಲ್ಲಿ,
ಈಟಿಯಿಲ್ಲ ಕೈಯಲ್ಲಿ, ಗುರಾಣಿಯಿಲ್ಲ, ಇದ್ದದ್ದು ಕಣ್ಣೆರಡೇ.
ಒಂಬತ್ತು ಹಡಗೂ ಮಲಗಿದ್ದವು ಆ ಎರಡು ಕಣ್ಣಿನ ನೆರಳಲ್ಲಿ.
ಬೆಂದ ಮಾಂಸದ ಮೊದಲ ಸೀಳು ಅವನದೆಂದರು ವೀರರು,
ಇಳಿದು ಬಾ ಎನ್ನಲಿಲ್ಲ ಅವನಿಗೆ, ತಾವೇ ಹತ್ತಿ ಹೋದರು.

ನಾನು ತಮ್ಮನ ಬೆನ್ನನ್ನೇ ನೋಡುತ್ತಿದ್ದೆ. ಒಂಟಿಕಾಲು ಎಂಬಲ್ಲಿ ಸೂಜಿ ನಿಂತಿತ್ತು.

ಲಿಸಿಸಜ್ಜ ಎದ್ದ. ಎಪ್ಪತ್ತು ವರ್ಷದಿಂದ ಆ ಹಾಡು ಕೇಳಿದವನು, ಇನ್ನೇನು ಸಿಕ್ಕಿಬಿದ್ದೆವು! ಅಜ್ಜ ಗಡ್ಡ ಸವರಿಕೊಂಡು ಗದ್ಗದವಾಗಿ ಹೇಳಿದ್ದೇನು ಗೊತ್ತೆ — "ಇದು ನಮ್ಮಜ್ಜ ಹಾಡ್ತಿದ್ದ ಸಾಲು ಕಣ್ರಪ್ಪಾ! ಎಷ್ಟು ವರ್ಷ ಆಗಿತ್ತು ಕೇಳಿ! ಈ ತೆಲ್ಲಿಸ್ ಊಟದ ವಾಸನೆ ಬಂದ್ರೆ ಸಾಲು ನುಂಗ್ಬಿಡ್ತಾನೆ ಅಂತ ನಾನು ಯಾವಾಗ್ಲೂ ಅಂದ್ಕೊಂಡಿದ್ದೆ."

"ಹೌದ್ಹೌದು, ನಮ್ಮಪ್ಪನೂ ಹಾಡ್ತಿದ್ದ," ಅಂದ ಇನ್ನೊಬ್ಬ. "ಕೊಕ್ಕರೆ ಅಂತಿರಲಿಲ್ಲ, ಬಕ ಅಂತಿತ್ತು." ಅದರ ಮೇಲೆ ಇಬ್ಬರಿಗೂ ಜಗಳ ಹತ್ತಿತು. ಬೈಸಿಕೊಂಡ ತೆಲ್ಲಿಸ್ ತಲೆ ತಗ್ಗಿಸಿ ನಿಂತಿದ್ದ, ಪಾಪ. ರಾತ್ರಿಗೆ ಅವನಿಗೆ ಜೇನು ಹಾಕಿ ಎಳ್ಳಿನ ರೊಟ್ಟಿ.

ತೀರ್ಪಾಯಿತು. ಇನ್ನು ಮುಂದೆ ಮೊದಲ ಸೀಳು ಕಾಯುವವನಿಗೆ. ಹಿರಿಯರೇ ಹೊತ್ತುಕೊಂಡು ಬಂಡೆ ಹತ್ತಬೇಕು. ಅಜ್ಜ ಬಂಡೆಯ ಕಡೆ ನೋಡಿ ಮಂಡಿ ಸವರಿಕೊಂಡ. "ಆ ಕಾಲದ ಬಂಡೆಗಳು ಚಿಕ್ಕವಿದ್ವೇನೋ," ಅಂದ.

ಹೋಗುವಾಗ ಹಗ್ನೋನ್ ನನ್ನ ಪಕ್ಕ ನಿಧಾನಿಸಿದ. "ನಿಮ್ಮಪ್ಪ ತೀರ್ಕೊಂಡು ಎಷ್ಟು ವರ್ಷ ಆಯ್ತಕ್ಕ?"

"ಹತ್ತಾಯ್ತು. ಯಾಕೆ?"

"ಏನಿಲ್ಲ. ಸಾಲು ಇನ್ನೂ ಬಿಸಿ ಬಿಸಿ ಇತ್ತು, ಅದಕ್ಕೆ ಕೇಳ್ದೆ." ಕಣ್ಣು ಮಿಟುಕಿಸಿ ಹೋದ, ಕಳ್ಳ.

ಆದರೆ ಡೊರ್ಕೋನ್ ತಿರುಗಿ ನೋಡಲಿಲ್ಲ. ಹಾಯಿ ಸುತ್ತಿಕೊಂಡು ಹಡಗಿನ ಕಡೆಗೇ ನಡೆದ. ಅವನೂ ಅಪ್ಪನ ಮಗ. ಊರನ್ನೆಲ್ಲ ನಂಬಿಸಬಹುದು, ಅವನನ್ನು ಹೇಗೆ ನಂಬಿಸಲಿ?

ಹದಿಮೂರು. ಹಗ್ನೋನನ ಮಗನಿಗೆ ಹೆಸರಿಡುವ ದಿನ. ಬೆಳಿಗ್ಗೆ

ಬೀಸುಕಲ್ಲಿನ ಮುಂದೆ ಕೂತಿದ್ದೆ. ಬಾಗಿಲಲ್ಲಿ ನೆರಳು.

"ಅಪ್ಪ ಈ ಸಾಲು ಯಾವತ್ತೂ ಹಾಡಿಲ್ಲ."

"ಇಲ್ಲ."

"ಭಾವಂಗೆ ಕಟ್ಟಕ್ಕೆ ಬರಲ್ಲ."

"ಬರಲ್ಲ."

ಒಳಗೆ ಬಂದು ಹೊಸ್ತಿಲ ಹತ್ತಿರವೇ ಕುಕ್ಕರಿಸಿದ. ಹಿಟ್ಟಿನಲ್ಲಿ ಬೆರಳಾಡಿಸುತ್ತ ಕೂತ. ಚಿಕ್ಕಂದಿನಿಂದ ಇದೇ ಅಭ್ಯಾಸ, ಎಷ್ಟು ಬೈದರೂ ಬಿಟ್ಟಿಲ್ಲ. ಇವತ್ತು ಬೈಯಲಿಲ್ಲ.

"ಸುಳ್ಳಲ್ವಾ ಅಕ್ಕ ಅದು?"

ಅದಕ್ಕೆ ಉತ್ತರ ರಾತ್ರಿಯಿಡೀ ಹುಡುಕಿದ್ದೆ. ಸಿಕ್ಕಿತ್ತು. "ಒಂಬತ್ತು ಹಡಗು ಹೋಗಿ ಶತ್ರು ಕೋಟೆ ಮುಂದೆ ಲಂಗರು ಹಾಕಿದ್ವು. ಹೌದೋ ಅಲ್ವೋ?"

"ಹೌದು."

"ದಿನಾ ತಿಂದು ಮಲಗ್ತಿದ್ರು. ಹೌದೋ ಅಲ್ವೋ?"

"ಹೌದು."

"ಯಾರೂ ಕಾಯ್ದೆ ಇದ್ದಿದ್ರೆ ಮೊದಲ್ನೇ ರಾತ್ರಿನೇ ಎಲ್ರ ಕತ್ತೂ ಹೋಗ್ತಿತ್ತು. ಹಾಡೇ ಇರ್ತಿರಲಿಲ್ಲ. ಯಾರೋ ಒಬ್ಬ ನಿಂತಿದ್ದ ಕಣೋ. ನಿಂತಿರಲೇಬೇಕು. ಇಲ್ಲೀತನಕ ಯಾರೂ ಅವನ ಮಾತು ಎತ್ತಿರಲಿಲ್ಲ, ಅಷ್ಟೆ."

ಹಿಟ್ಟಿನಲ್ಲಿ ಗೆರೆ ಎಳೆದ, ಅಳಿಸಿದ. ಆಮೇಲೆ ಮೆಲ್ಲಗೆ — "ಒಂಟಿಕಾಲು ಅಂತ ಯಾಕೆ ಹಾಕ್ದೆ?"

"ಇನ್ನೇನ್ ಹಾಕ್ಲಿ? ನೀನು ನಿಲ್ಲೋದೇ ಹಂಗೆ."

ನಕ್ಕ. ನಗುತ್ತ ನಗುತ್ತ ಅಳು ಬಂತು ಅವನಿಗೆ. ಅಂಗೈಯ ಹಿಟ್ಟೆಲ್ಲ ಮುಖಕ್ಕೆ ಮೆತ್ತಿಕೊಂಡಿತು. "ಅಂದ್ರೆ ನಾವೆಲ್ಲ ಸತ್ತ ಮೇಲೂ... ಆ ಬಂಡೆ ಮೇಲೆ..."

"ತೆಲ್ಲಿಸ್ ಮರೀದಿದ್ರೆ."

"ಇನ್ನೊಂದ್ಸಲ ಹೇಳಕ್ಕ."

ಹೇಳಿದೆ. ಮತ್ತೊಮ್ಮೆ ಹೇಳು ಅಂದ. ಹೇಳಿದೆ. ತುಟಿ ಅಲ್ಲಾಡಿಸುತ್ತ ಕಲಿತುಕೊಂಡ. ಎದ್ದು ಹೋದ. ಉಳಿಯುತ್ತೇನೆ ಅನ್ನಲಿಲ್ಲ, ಹೋಗುತ್ತೇನೆ ಅನ್ನಲಿಲ್ಲ.

ಅದೇ ದಿನ. ಸಂಜೆ

ಹಗ್ನೋನನ ಮನೆ ತುಂಬ ಜನ. ಹೆಸರಿಡುವ ದಿನ ಹತ್ತಿರದ ಗೆಳೆಯ ತನ್ನ ಕೈಯಿಂದ ಹಿಡಿದ ಆಕ್ಟೋಪಸ್ ತರಬೇಕು. ಯಾರೂ ಆ ಮಾತೆತ್ತಲಿಲ್ಲ. ಸಿಮೆ ಒಲೆಯ ಮೇಲೆ ಬರಿ ನೀರು ಕುದಿಯಲು ಇಟ್ಟಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ.

ಹೊರಗಿನಿಂದ ಪಟ್ ಪಟ್ ಸದ್ದು. ಕಲ್ಲಿಗೆ ಆಕ್ಟೋಪಸ್ ಬಡಿದು ಮೆತ್ತಗೆ ಮಾಡುವ ಸದ್ದು. ಊರಲ್ಲಿ ಎಲ್ಲರಿಗೂ ಗೊತ್ತಿರುವ ಸದ್ದು. ಹಗ್ನೋನ್ ಮಗುವನ್ನು ನನ್ನ ತೊಡೆಗೆ ಹಾಕಿ ಓಡಿದ. ಕಿಟಕಿಯಿಂದ ನೋಡಿದೆ. ಡೊರ್ಕೋನ್ ಬಡಿಯುತ್ತಿದ್ದ. ಹಗ್ನೋನ್ ಎದುರು ಕೂತು ತಾನೂ ಒಂದು ಕಾಲು ಹಿಡಿದು ಬಡಿಯತೊಡಗಿದ. ಇಬ್ಬರೂ ಮಾತಿಲ್ಲದೆ ಬಡಿದರು, ಬಡಿದರು. ಆಕ್ಟೋಪಸ್ಸಿಗೆ ಅಷ್ಟು ಬೇಕಿರಲಿಲ್ಲ.

"ಬಾಲ ನಿಂಗೇ ಇಟ್ಕೋ," ಅಂದ ಡೊರ್ಕೋನ್ ಕೊನೆಗೆ.

"ಆಕ್ಟೋಪಸ್‌ಗೆ ಬಾಲ ಎಲ್ಲಿರುತ್ತೋ, ಕೋತಿ!"

ಆಮೇಲೆ ಇಬ್ಬರ ನಗು ಬಂದರಿನ ತನಕ ಕೇಳಿಸಿರಬೇಕು.

ಅಮಾವಾಸ್ಯೆ

ಉತ್ತರದ ಹಡಗು ಹೊರಟಿತು. ಒಂದು ಮಣೆ ಖಾಲಿ. ಮೊದಲ ಸಲ ಅವರು ಬಾಗಿಲಲ್ಲೇ ಬಿಟ್ಟುಹೋದ ಹುಳ ತಿಂದ ಕಂಬಳಿ, ಎರಡೂವರೆ ಕಾಲಿನ ಕೊಪ್ಪರಿಗೆ, ಎರಡನ್ನೂ ಆ ಹಡಗಿಗೆ ದಾನ ಮಾಡಿದ ನನ್ನ ತಮ್ಮ. ಕುಂಟು ಮೇಕೆಯನ್ನು ಕೊಡಲಿಲ್ಲ. ಅದರ ಮೇಲೆ ಮಮತೆ ಬಂದಿದೆಯಂತೆ.

ತೆಲ್ಲಿಸ್ ಈಗ ದಿನಾ ಬೆಳಿಗ್ಗೆ ಬೇಗ ಏಳುತ್ತಾನೆ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಾನೆ — "ಬಂದ್ರಾ?"

ಥಾರ್ಗೆಲಿಯ ತಿಂಗಳು. ಎಳೆಚಂದ್ರ ಕಂಡು ನಾಲ್ಕನೆಯ ದಿನ. ಬೆಳಿಗ್ಗೆ

ಗಾಳಿ ದಕ್ಷಿಣದಿಂದ. ಜವೆಗೋಧಿ ಹುರಿದು ಆರಲು ಹಾಕಿದೆ. ಸಿಮೆ ಮಗುವಿಗೆ ಹಲ್ಲು ಬರುವುದಕ್ಕೆ ಹಾಡಿನಲ್ಲಿ ಏನಿದೆ ಅಂತ ಕೇಳಿ ಕಳಿಸಿದ್ದಾಳೆ. ಹುಟ್ಟಿ ಇನ್ನೂ ತಿಂಗಳಾಗಿಲ್ಲ! ಇವಳಿಗೂ ಆತುರ. ಹಲ್ಲಿನ ಬಗ್ಗೆ ಹಾಡಿನಲ್ಲಿ ಏನೂ ಇಲ್ಲ. ಹಿಟ್ಟು ನಾದುವಾಗ ನೋಡೋಣ.

ಬಾಗಿಲಿನಿಂದ ಬಂಡೆ ಕಾಣುತ್ತದೆ. ಒಂಟಿಕಾಲಲ್ಲೇ ಇದ್ದಾನೆ. ಕೆಳಗೆ ಕುಂಟು ಮೇಕೆ ಮೇಯುತ್ತಿದೆ. ಇವತ್ತು ಯಾಕೋ ಮುಂದಕ್ಕೆ ಬಾಗಿದ್ದಾನೆ, ಇನ್ನೊಂದು ಕಾಲೂ ನೆಲಕ್ಕೆ ಇಳಿಯಿತು —

ಕೂಗಿದ! ಮೋಡವಲ್ಲ, ಡಾಲ್ಫಿನ್ ಅಲ್ಲ, ಅದು ನನ್ನ ತಮ್ಮನ ಗಂಟಲು! ಎರಡೂ ಕೈ ಬೀಸುತ್ತಿದ್ದಾನೆ. ಹಗ್ನೋನ್ ಓಡುತ್ತಿದ್ದಾನೆ, ಮಗುವನ್ನು ಕಂಕುಳಲ್ಲಿ ಮರೆತುಕೊಂಡೇ. ಸಿಮೆ ಅವನ ಹಿಂದೆ. ಬಲೆ ಎಳೆಯಲು ನಾನೂ ಹೊರಟೆ. ಲಿಸಿಸಜ್ಜ ಆಗಲೇ ಚಾಕು ಮಸೆಯುತ್ತಿದ್ದಾನೆ, ಇನ್ನೊಂದು ಕೈಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ನನ್ನನ್ನು ಕಂಡು "ಮೈರೋ, ಮೊದಲ ಸೀಳು ಹೊತ್ಕೊಂಡು ಹತ್ತುವಾಗ ಅರ್ಧದಲ್ಲಿ ಒಂದ್ಕಡೆ ಕೂತ್ಕೊಂಡ್ರು ಅಂತ ನಿಮ್ಮಪ್ಪನ ಹಾಡಲ್ಲಿ ಎಲ್ಲಾದ್ರೂ ಇದ್ಯಾ?" ಅಂತ ಕೇಳುತ್ತಿದ್ದಾನೆ.